ಸತ್ತದ್ದು ಜಾವಾ, ತಿಂದದ್ದು ಯಾರು?

ಶನಿವಾರ ರಾತ್ರಿ ಎರಡು ಗಂಟೆಯ ಮೇಲೆ ಫೋನ್ ಬಡಿದುಕೊಂಡರೆ ನಮ್ಮ ಮನೆಯಲ್ಲಿ ಈಗ ಯಾರೂ ಗಾಬರಿಯಾಗುವುದಿಲ್ಲ. ಮೊದಮೊದಲು ಊರಿನಿಂದ ಏನು ಸುದ್ದಿ ಬಂತೋ ಎಂದು ಎದ್ದು ಕೂರುತ್ತಿದ್ದ ನನ್ನ ಹೆಂಡತಿ ಈಗ ಮಗ್ಗುಲು ಬದಲಿಸುತ್ತಾ "ಮತ್ತೆ ಸರ್ವರ್ರಾ?" ಎಂದಷ್ಟೇ ಕೇಳಿ ನಿದ್ದೆ ಮುಂದುವರಿಸುತ್ತಾಳೆ. ಮಿಯಾಪುರದ ನಮ್ಮ ಫ್ಲ್ಯಾಟಿನ ಊಟದ ಮೇಜೇ ನನ್ನ ರಾತ್ರಿಯ ಆಫೀಸು. ಆನ್-ಕಾಲ್ ಇರುವ ವಾರ ಲ್ಯಾಪ್‌ಟಾಪನ್ನು ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲೇ ಬಿಟ್ಟು ಮಲಗುತ್ತೇನೆ.

ಕಳೆದ ಮಳೆಗಾಲದಲ್ಲಿ ಸತತ ಮೂರು ಶನಿವಾರ ಹೀಗೆ ಎದ್ದೆ. ಸಮಯವೂ ಹೆಚ್ಚುಕಡಿಮೆ ಅದೇ, 2:14. ಆಗ ಅಮೆರಿಕದ ಪೂರ್ವ ತೀರದಲ್ಲಿ ಶನಿವಾರ ಸಂಜೆ ಐದರ ಹತ್ತಿರ. ನಮ್ಮ ಕ್ಲೈಂಟಿನ ಅಂಗಡಿಯಲ್ಲಿ ಜನ ಆನ್‌ಲೈನ್ ಆರ್ಡರ್ ಹಾಕುವ ಹೊತ್ತು. ಅದೇ ಹೊತ್ತಿಗೆ ನಮ್ಮ ಜಾವಾ ಅಪ್ಲಿಕೇಶನ್ ಸತ್ತು, ತಾನಾಗಿಯೇ ಮತ್ತೆ ಎದ್ದು, ಪೂರ್ತಿ ಚೇತರಿಸಿಕೊಳ್ಳಲು ಆರು ನಿಮಿಷ ತೆಗೆದುಕೊಳ್ಳುತ್ತಿತ್ತು. ಆರು ನಿಮಿಷವೇನು ಮಹಾ ಎನ್ನಬೇಡಿ. ಸೋಮವಾರದ ಕಾಲ್‌ನಲ್ಲಿ ಆ ಆರು ನಿಮಿಷದ ಬಗ್ಗೆ ನಾವು ಎರಡು ಗಂಟೆ ಮಾತು ಕೇಳಿದ್ದೇವೆ.

ಐಟಿಯವರಲ್ಲದ ಓದುಗರು ಈ ಸಲ ಸ್ವಲ್ಪ ಸಹಿಸಿಕೊಳ್ಳಬೇಕು. ಮೆಮೊರಿ, ಪ್ರೋಸೆಸ್ ಎಂಬ ಮಾತು ಜಾಸ್ತಿ ಬರುತ್ತದೆ. ಆದರೆ ಇದರಲ್ಲಿ ಒಬ್ಬ ಹುಡುಗನೂ ಇದ್ದಾನೆ, ನಾನೂ ಇದ್ದೇನೆ.

ಹುಡುಗ ಸಿಂಧನೂರಿನ ಕಡೆಯವನು. ಅಮೀರ್‌ಪೇಟೆಯಲ್ಲಿ ಜಾವಾ ಕೋರ್ಸ್ ಮಾಡಿ, ಮಾಧಾಪುರದ ಹಾಸ್ಟೆಲಿನಲ್ಲಿದ್ದುಕೊಂಡು (ಬೆಂಗಳೂರಿನಲ್ಲಿ ನಾವು ಪಿಜಿ ಅನ್ನುವುದಕ್ಕೆ ಇಲ್ಲಿ ಹಾಸ್ಟೆಲ್ ಎನ್ನುತ್ತಾರೆ) ಯಾವುದೋ ಏಜೆನ್ಸಿಯ ಮೂಲಕ ನಮ್ಮ ಪ್ರಾಜೆಕ್ಟಿಗೆ ಕಾಂಟ್ರ್ಯಾಕ್ಟ್ ಮೇಲೆ ಬಂದಿದ್ದ. ತಂಡದಲ್ಲಿ ಕನ್ನಡದವರು ನಾವಿಬ್ಬರೇ. ಮೊದಲನೇ ಘಟನೆಯ ಹಿಂದಿನ ಗುರುವಾರ ಅವನು ಬರೆದ ಕೋಡ್ ಪ್ರೊಡಕ್ಷನ್‌ಗೆ ಹೋಗಿತ್ತು. ಗುರುವಾರ ರಿಲೀಸ್, ಶನಿವಾರ ರಾತ್ರಿ ಸಾವು. ಇಷ್ಟು ಸಾಲದೇ?

ನಾನು ಎದ್ದು ನೋಡಿದ್ದು ಕರ್ನಲ್ ಲಾಗ್. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೆಮೊರಿ ಮುಗಿದಿದೆ, ಜಾವಾ ಪ್ರೋಸೆಸನ್ನು ಕೊಂದಿದ್ದೇನೆ. ಮಾನಿಟರಿಂಗ್ ಗ್ರಾಫಿನಲ್ಲೂ ಮೆಮೊರಿ ಗೆರೆ 2:10ರಿಂದ ಮೇಲೇರಿ 2:14ಕ್ಕೆ ಧೊಪ್ಪನೆ ಬಿದ್ದಿತ್ತು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ವರದಿ ಬರೆದು ಕಳಿಸಿದೆ: ಜಾವಾ ಅಪ್ಲಿಕೇಶನ್‌ನಲ್ಲಿ ಮೆಮೊರಿ ಸೋರಿಕೆ ಇರುವ ಶಂಕೆ, ಗುರುವಾರದ ರಿಲೀಸನ್ನು ಪರಿಶೀಲಿಸಬೇಕು. ಬರೆಯುವಾಗ 'ಶಂಕೆ' ಎಂದೇ ಬರೆದಿದ್ದೆ. ಸೋಮವಾರದ ಹೊತ್ತಿಗೆ ಆ ಪದ ಉದುರಿಹೋಗಿತ್ತು. ಇಂಥ ಮೇಲ್‌ಗಳು ಮೂರು ಕೈ ದಾಟುವಷ್ಟರಲ್ಲಿ ಶಂಕೆ ಮೊದಲು ಹೋಗುತ್ತದೆ, ಹೆಸರು ಮಾತ್ರ ಉಳಿಯುತ್ತದೆ.

ಹುಡುಗ ನನ್ನ ಡೆಸ್ಕಿಗೆ ಬಂದ. "ಸರ್, ಹೀಪಿಗೆ 20 ಜಿಬಿ ಅಂತ ಬೇಲಿ ಹಾಕೀನ್ರಿ. ಸೋರಿದ್ರೂ ಅದರೊಳಗ ಸೋರ್ತದ. ತುಂಬಿದ್ರ ಜಾವಾನ ತಾನೇ ಎರರ್ ಕೊಡ್ತದ, ಕರ್ನಲ್ ಯಾಕ ಕೊಲ್ತದ್ರಿ?"

ಇದು ಒಳ್ಳೆಯ ಪ್ರಶ್ನೆ ಎಂದು ನನಗೆ ಆಗಲೇ ಗೊತ್ತಿತ್ತು. ಜಾವಾ ತನ್ನ ವಸ್ತುಗಳನ್ನು ಇಡುವ ಜಾಗಕ್ಕೆ ಹೀಪ್ ಎನ್ನುತ್ತೇವೆ. ಅದರ ಗರಿಷ್ಠ ಗಾತ್ರವನ್ನು ಮೊದಲೇ ಹೇಳಿಡಬಹುದು. ಅದು ತುಂಬಿದರೆ ಅಪ್ಲಿಕೇಶನ್ ತನ್ನ ಲಾಗ್‌ನಲ್ಲೇ ಬೊಬ್ಬೆ ಹಾಕುತ್ತದೆ. ನಮ್ಮಲ್ಲಿ ಅಂಥ ಬೊಬ್ಬೆ ಒಂದೂ ಇರಲಿಲ್ಲ. ಕಸ ಗುಡಿಸಿದ ಮೇಲೆ ಹೀಪಿನಲ್ಲಿ ಉಳಿಯುವ ಅಂಕಿ ರಿಲೀಸಿನ ಮುಂಚೆಯೂ ನಂತರವೂ ಸುಮಾರು 9 ಜಿಬಿಯಲ್ಲೇ ಇದೆ ಎಂದು ಅವನು ಪ್ರಿಂಟ್‌ಔಟ್ ಸಮೇತ ತೋರಿಸಿದ. ನಾನು ಹದಿನಾಲ್ಕು ವರ್ಷದ ಅನುಭವದ ಗತ್ತಿನಲ್ಲಿ "ಹೀಪ್ ಹೊರಗೂ ಜಾವಾ ಮೆಮೊರಿ ತಗೊಳ್ಳುತ್ತಪ್ಪಾ, ಅಲ್ಲಿ ಸೋರಿರಬಹುದು, ನೋಡು" ಎಂದೆ. ಮಾತು ಸುಳ್ಳಲ್ಲ. ಆದರೆ ಅದು ಉತ್ತರವಲ್ಲ, ಬಾಯಿ ಮುಚ್ಚಿಸುವ ಮಾತು.

ಇಲ್ಲಿ ಲಿನಕ್ಸ್ ಈ ಲೆಕ್ಕವನ್ನು ಹೇಗೆ ಇಡುತ್ತದೆ ಎಂಬುದನ್ನು ಹೇಳಲೇಬೇಕು. ನಮ್ಮೂರ ಕಡೆ ಮದುವೆಗೆ ಸಾವಿರ ಜನರನ್ನು ಕರೆದು ಆರುನೂರು ಎಲೆಗೆ ಅಡಿಗೆ ಮಾಡಿಸುತ್ತಾರೆ. ಕರೆದವರೆಲ್ಲ ಬರುವುದಿಲ್ಲ ಎಂಬ ಧೈರ್ಯ. ಲಿನಕ್ಸ್ ಮಾಡುವುದೂ ಅದನ್ನೇ. ಪ್ರೋಸೆಸ್ ಕೇಳಿದಷ್ಟಕ್ಕೂ "ಆಯ್ತು" ಎನ್ನುತ್ತದೆ. ನಿಜವಾಗಿ ಬರೆಯಲು ಕೈಹಾಕಿದಾಗ ಮಾತ್ರ ಜಾಗ ಕೊಡುತ್ತದೆ. ಟಾಪ್ ಕಮಾಂಡಿನಲ್ಲಿ 'ವರ್ಟ್' ಎಂದು ಕಾಣುವುದು ಕರೆದವರ ಪಟ್ಟಿ. 'ರೆಸ್' ಎಂದು ಕಾಣುವುದು ಪಂಕ್ತಿಯಲ್ಲಿ ಕೂತವರ ಸಂಖ್ಯೆ. ಯಾವ ಪ್ರೋಸೆಸ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ನೋಡುವಾಗ ಮೊದಲ ಕಾಲಂ ನೋಡಿ ಹೌಹಾರುವವರನ್ನು ಇಂದಿಗೂ ಕಾಣುತ್ತೇನೆ. ಅದನ್ನು ಬಿಟ್ಟು ಎರಡನೆಯದನ್ನು ನೋಡಿ. ಟಾಪ್ ನಡೆಯುತ್ತಿರುವಾಗ ದೊಡ್ಡ ಅಕ್ಷರದ 'ಎಂ' ಒತ್ತಿದರೆ ಹೆಚ್ಚು ತಿಂದವರು ಮೇಲೆ ಬರುತ್ತಾರೆ.

ಎಂದಾದರೊಂದು ದಿನ ಕರೆದವರೆಲ್ಲ ಬಂದುಬಿಟ್ಟರೆ? ಎಲೆ ಮುಗಿಯುತ್ತದೆ. ಆಗ ಕರ್ನಲ್ ಯಾರನ್ನಾದರೂ ಎಬ್ಬಿಸಿ ಕಳಿಸಲೇಬೇಕು. ಈ ಕೆಲಸ ಮಾಡುವವನಿಗೆ ಊಮ್ ಕಿಲ್ಲರ್ ಎಂದು ಹೆಸರು. 2010ರಲ್ಲಿ, ಲಿನಕ್ಸ್ 2.6.36ರಲ್ಲಿ, ಇವನ ಲೆಕ್ಕಾಚಾರವನ್ನು ಹೊಸದಾಗಿ ಬರೆದರು. ಅಂದಿನಿಂದ ನಿಯಮ ಬಹಳ ಸರಳ: ಈ ಕ್ಷಣದಲ್ಲಿ ಯಾರ ಕೈಯಲ್ಲಿ ಹೆಚ್ಚು ಮೆಮೊರಿ ಇದೆಯೋ ಅವನನ್ನು ಕೊಲ್ಲು. ಯಾರಿಗೆ ವಿನಾಯಿತಿ ಎಂದು ಹೇಳಲು ಪ್ರತಿ ಪ್ರೋಸೆಸ್‌ಗೂ ಮೈನಸ್ 1000ದಿಂದ 1000ದವರೆಗೆ ಒಂದು ಅಂಕ ಕೊಡಬಹುದು, ಅಷ್ಟೆ. ಕಳೆದ ಐದು ನಿಮಿಷದಲ್ಲಿ ಯಾರು ಏಕಾಏಕಿ ಉಬ್ಬಿದರು ಎಂದು ಅವನು ಕೇಳುವುದಿಲ್ಲ. ಬೆಳಿಗ್ಗೆಯಿಂದ ತನ್ನ ಜಾಗದಲ್ಲಿ ಸುಮ್ಮನೆ ಕೂತ ದೊಡ್ಡ ಮನೆಯವನೂ ಒಂದೇ, ಈಗತಾನೇ ನುಗ್ಗಿದವನೂ ಒಂದೇ. ದೊಡ್ಡವನು ಹೋದರೆ ಜಾಗ ಹೆಚ್ಚು ಸಿಗುತ್ತದೆ. ಕರ್ನಲ್ಲಿಗೆ ಬೇಕಿರುವುದು ಜಾಗ. ಅಪರಾಧಿ ಯಾರೆಂದು ಹುಡುಕುವುದು ಅದರ ಕೆಲಸವಲ್ಲ, ನಮ್ಮದು.

ನಮ್ಮ ಸರ್ವರಿನಲ್ಲಿ 32 ಜಿಬಿ ಮೆಮೊರಿ. ಜಾವಾ ಯಾವಾಗಲೂ 22ರ ಹತ್ತಿರ ಹಿಡಿದಿರುತ್ತಿತ್ತು, ಹೀಪು ಮತ್ತು ಅದರ ಸುತ್ತಲಿನದು ಸೇರಿ. ಉಳಿದವರೆಲ್ಲ ಕೂಡಿ ಮೂರು. ಅಂದರೆ ಜಾವಾ ಯಾವತ್ತೂ ಪಟ್ಟಿಯ ಮೇಲೆಯೇ. ಅಲ್ಲಿ ಯಾರೇ ತಪ್ಪು ಮಾಡಿದರೂ ಸಾಯುವುದು ಅದೇ.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಸಿಎಯಲ್ಲಿ ಆಪರೇಟಿಂಗ್ ಸಿಸ್ಟಂಸ್ ನನ್ನ ಮೆಚ್ಚಿನ ವಿಷಯ. ಆದರೆ ರಾತ್ರಿ ಎರಡೂವರೆಗೆ ಒಂದು ಹೆಸರು ಸಿಕ್ಕಿದರೆ ಮನಸ್ಸು ಅಲ್ಲಿಗೇ ನಿಂತುಬಿಡುತ್ತದೆ. ಹೆಸರು ಸಿಕ್ಕಿತು, ಮಲಗೋಣ.

ಎರಡನೇ ಶನಿವಾರವೂ ಹಾಗೇ ಆಯಿತು. ಈ ಸಲ ಕರ್ನಲ್ ಲಾಗನ್ನು ಪೂರ್ತಿ ಓದಿದೆ. ಕೊಲ್ಲುವ ಮುಂಚೆ ಕರ್ನಲ್ ಒಂದು ಪಂಚನಾಮೆ ಬರೆದಿಡುತ್ತದೆ. ಮೊದಲ ಸಾಲಿನಲ್ಲಿ, ಯಾರು ಮೆಮೊರಿ ಕೇಳಿದಾಗ ಎಲೆ ಮುಗಿದದ್ದು ಗೊತ್ತಾಯಿತು ಎಂಬುದರ ಹೆಸರು. ಆ ಹೆಸರೂ ಮೋಸವೇ, ಆ ಗಳಿಗೆಗೆ ಬಾಗಿಲು ತಟ್ಟಿದ ಯಾರ ಹೆಸರಾದರೂ ಅಲ್ಲಿ ಬರಬಹುದು. ನಮ್ಮದರಲ್ಲಿ ಅಂಚೆ ಕಳಿಸುವ ಒಂದು ಪಾಪದ ಪ್ರೋಸೆಸ್ಸಿತ್ತು. ಕೊನೆಯ ಸಾಲಿನಲ್ಲಿ ಸತ್ತವನ ಹೆಸರು. ನಡುವೆ ಆಗ ಬದುಕಿದ್ದ ಪ್ರೋಸೆಸ್‌ಗಳ ಪಟ್ಟಿ, ಪ್ರತಿಯೊಂದರ ಎದುರು ಅದು ಹಿಡಿದಿದ್ದ ಮೆಮೊರಿ. ಬೇಕಾದದ್ದು ಈ ನಡುವಿನ ಪಟ್ಟಿ.

ಅದರಲ್ಲಿ ಪೈಥಾನ್ ಎಂಬ ಹೆಸರಿನೆದುರು 16 ಲಕ್ಷದ ಹತ್ತಿರದ ಒಂದು ಅಂಕಿ ಇತ್ತು. ಪಿಎಸ್ ಕಮಾಂಡಿನಲ್ಲಿ ಈ ಕಾಲಂ ಕಿಲೋಬೈಟ್‌ಗಳಲ್ಲಿ ಬರುತ್ತದೆ. ಅದೇ ಅಭ್ಯಾಸದಲ್ಲಿ ಓದಿದೆ: 16 ಲಕ್ಷ ಕೆಬಿ ಅಂದರೆ 1.6 ಜಿಬಿ. ಯಾವುದೋ ಸಣ್ಣ ಸ್ಕ್ರಿಪ್ಟ್ ಎಂದು ಮುಂದೆ ಹೋದೆ.

ಕರ್ನಲ್ಲಿನ ಆ ಪಟ್ಟಿಯಲ್ಲಿ ಅಂಕಿ ಕಿಲೋಬೈಟ್ ಅಲ್ಲ, ಪುಟ. ನಮ್ಮ ಸರ್ವರಿನಲ್ಲಿ ಒಂದು ಪುಟ ಅಂದರೆ 4 ಕೆಬಿ. ನಾಲ್ಕರಿಂದ ಗುಣಿಸಿದರೆ 16 ಲಕ್ಷ ಪುಟ ಅಂದರೆ 6 ಜಿಬಿಗೂ ಮೇಲೆ. ನಾನು ಎಚ್ಚರವಾಗಿದ್ದರೆ ಪಕ್ಕದ ಸಾಲೇ ಹೇಳುತ್ತಿತ್ತು. ಜಾವಾದ ಎದುರು 57 ಲಕ್ಷ ಎಂದಿತ್ತು. ಜಾವಾ 22 ಜಿಬಿ ಹಿಡಿದಿರುತ್ತದೆ ಎಂದು ದಿನಾ ನೋಡುವವನಿಗೆ ಅದು 5.7 ಜಿಬಿ ಎಂದು ಕಂಡಾಗ ಅನುಮಾನ ಬರಬೇಕಿತ್ತು. ಬರಲಿಲ್ಲ. ಆ ಲಾಗ್ ನೋಡುವ ಅಧಿಕಾರ ತಂಡದಲ್ಲಿ ಇದ್ದದ್ದು ನಮ್ಮ ಮಾನಿಟರಿಂಗ್ ಗುಂಪಿಗೆ ಮಾತ್ರ, ಅಂದರೆ ನನಗೆ. ಹುಡುಗ ಅದನ್ನು ಕೇಳಿದ್ದ. "ಪರ್ಮಿಷನ್ ಇಲ್ಲಪ್ಪಾ" ಎಂದಿದ್ದೆ. ನಿಯಮ ಹಾಗೇ ಇತ್ತು, ಆದರೆ ಒಂದು ಕಾಪಿ ಕಳಿಸಲು ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ.

ಸೋಮವಾರದ ಕಾಲ್ ಕೆಟ್ಟದಾಗಿತ್ತು. ತಿಂಗಳ ಕೊನೆಗೆ ಹುಡುಗನನ್ನು ಪ್ರಾಜೆಕ್ಟಿನಿಂದ ಬಿಡುಗಡೆ ಮಾಡುವುದೆಂದು ಮಾತಾಯಿತು. ಕಾಂಟ್ರ್ಯಾಕ್ಟಿನವರಿಗೆ ಬಿಡುಗಡೆ ಎಂದರೆ ಏನೆಂದು ಬಲ್ಲವರು ಬಲ್ಲರು. ಅವನು ಕಾಲ್‌ನಲ್ಲಿ ಮ್ಯೂಟ್ ಆಗಿಯೇ ಇದ್ದ.

ಮಾನಿಟರಿಂಗ್ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಗ್ರಾಫ್ ಇತ್ತಲ್ಲ? ಇತ್ತು. ಸರ್ವರಿನ ಒಟ್ಟು ಮೆಮೊರಿಯ ಗ್ರಾಫ್. ಮನೆಯ ಕರೆಂಟ್ ಮೀಟರಿನ ಹಾಗೆ. ಬಿಲ್ಲು ಎಷ್ಟೆಂದು ಹೇಳುತ್ತದೆ, ಗೀಸರೋ ಎಸಿಯೋ ಹೇಳುವುದಿಲ್ಲ. ಹೆಚ್ಚಿನ ಕಡೆ ಮೊದಲು ಹಾಕಿಟ್ಟ ಮಾನಿಟರಿಂಗ್ ಇಷ್ಟೇ ಇರುತ್ತದೆ. ಅದರ ಮೇಲೆ, ನಮ್ಮ ಅಲರ್ಟ್ ಇದ್ದದ್ದು ಬಳಕೆ ಶೇಕಡಾ 90 ದಾಟಿದರೆ ಎಂದು. ಆ ಬಳಕೆಯಲ್ಲಿ ಕರ್ನಲ್ಲಿನ ಕ್ಯಾಶ್ ಕೂಡ ಸೇರಿತ್ತು. ಖಾಲಿ ಬಿದ್ದ ಮೆಮೊರಿಯಲ್ಲಿ ಲಿನಕ್ಸ್ ಇತ್ತೀಚೆಗೆ ಓದಿದ ಫೈಲುಗಳನ್ನು ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಸಿಟಿ ಬಸ್ಸಿನಲ್ಲಿ ಖಾಲಿ ಇರುವ ಮಹಿಳೆಯರ ಸೀಟಿನಲ್ಲಿ ಗಂಡಸು ಕೂತ ಹಾಗೆ, ಬಂದರೆ ಎದ್ದು ಕೊಡುತ್ತಾನೆ. ಅದನ್ನೂ ಬಳಕೆ ಎಂದು ಎಣಿಸಿದರೆ ಬಸ್ಸು ಯಾವಾಗಲೂ ತುಂಬಿದ್ದೇ. ಹಾಗಾಗಿ ನಮ್ಮ ಅಲರ್ಟ್ ದಿನಾ ಬರುತ್ತಿತ್ತು, ನಾವು ದಿನಾ ನಿರ್ಲಕ್ಷಿಸುತ್ತಿದ್ದೆವು. 2014ರಲ್ಲಿ ಲಿನಕ್ಸ್ 3.14 ಬಂದಾಗಿನಿಂದ 'ಅವೇಲಬಲ್' ಎಂಬ ಬೇರೆಯೇ ಅಂಕಿ ಇದೆ. ಕ್ಯಾಶಿನಲ್ಲಿ ಎಷ್ಟನ್ನು ಬಿಡಿಸಿಕೊಳ್ಳಬಹುದು ಎಂದು ಕರ್ನಲ್ಲೇ ಅಂದಾಜು ಮಾಡಿ ಕೊಡುತ್ತದೆ. ಅಲರ್ಟ್ ಇಡಬೇಕಾದ್ದು ಅದರ ಮೇಲೆ. ಇಷ್ಟು ವರ್ಷವಾದರೂ ನಮ್ಮ ಟೆಂಪ್ಲೇಟ್ ಬದಲಾಗಿರಲಿಲ್ಲ. ಬದಲಿಸಬೇಕಾದವನು ಯಾರು ಎಂದು ಹೇಳಬೇಕಿಲ್ಲ ತಾನೇ.

ಮೂರನೇ ಶನಿವಾರಕ್ಕೆ ಹುಡುಗ ತಯಾರಾಗಿದ್ದ, ನನಗೆ ಗೊತ್ತಿರಲಿಲ್ಲ. ಅವನಿಗಿದ್ದದ್ದು ಸಾಮಾನ್ಯ ಲಾಗಿನ್. ಆದರೆ ಪಿಎಸ್ ಕಮಾಂಡ್ ಕೊಡಲು ದೊಡ್ಡ ಅಧಿಕಾರ ಬೇಕಿಲ್ಲ. ನಾಲ್ಕು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ ಬರೆದು ಹಿನ್ನೆಲೆಯಲ್ಲಿ ಓಡಲು ಬಿಟ್ಟಿದ್ದ. ಹತ್ತು ಸೆಕೆಂಡಿಗೊಮ್ಮೆ ಸಮಯ, ಆಮೇಲೆ ಹೆಚ್ಚು ಮೆಮೊರಿ ಹಿಡಿದ ಹತ್ತು ಪ್ರೋಸೆಸ್, ಅವುಗಳ ಪೂರ್ತಿ ಕಮಾಂಡ್ ಸಾಲು, ಒಂದು ಫೈಲಿಗೆ. ಅಷ್ಟೇ.

ಭಾನುವಾರ ಬೆಳಿಗ್ಗೆ ಕಾಚಿಗುಡದಲ್ಲಿ ಕನ್ನಡದವರ ಒಂದು ಕಾರ್ಯಕ್ರಮವಿತ್ತು, ಮಗನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿರುವಾಗ ವಾಟ್ಸಾಪಿನಲ್ಲಿ ಅವನ ಸಂದೇಶ: "ಸರ್, ಟೈಮ್ ಸಿಕ್ಕಾಗ ಇದೊಮ್ಮೆ ನೋಡ್ರಿ." ಕೆಳಗೆ ಒಂದು ಸ್ಕ್ರೀನ್‌ಶಾಟ್. ಜಾವಾ ಮೊದಲಿನಿಂದ ಕೊನೆಯವರೆಗೆ 22ರಲ್ಲೇ ನಿಂತಿದೆ, ಗೆರೆ ಎಳೆದ ಹಾಗೆ. 2:10 ಆಗಿ ಕೆಲವು ಸೆಕೆಂಡಿಗೆ ಪೈಥಾನ್ ಪಟ್ಟಿಗೆ ಬರುತ್ತದೆ. ಒಂದು ಜಿಬಿ, ಎರಡು, ಮೂರೂವರೆ, ಐದು, ಆರು. 2:14ಕ್ಕೆ ಜಾವಾ ಪಟ್ಟಿಯಿಂದ ಮಾಯ. ಪೈಥಾನ್ ಆರಾಮಾಗಿ ಏಳೂವರೆಯವರೆಗೆ ಏರಿ, ಕೆಲಸ ಮುಗಿಸಿ, 2:19ಕ್ಕೆ ತಾನೂ ಹೋಗುತ್ತದೆ. ಕಮಾಂಡ್ ಸಾಲಿನಲ್ಲಿ ಸ್ಕ್ರಿಪ್ಟಿನ ಹೆಸರು ಪೂರ್ತಿ ಕಾಣುತ್ತಿತ್ತು. ಆ ಹೆಸರು ಇಟ್ಟವನು ನಾನು.

ಎರಡು ವರ್ಷದ ಹಿಂದೆ ಆಡಿಟ್‌ನವರು ಕೇಳಿದರೆಂದು ಬರೆದ ಸ್ಕ್ರಿಪ್ಟ್. ವಾರಕ್ಕೊಮ್ಮೆ, ಶನಿವಾರ ಕಳೆದ ರಾತ್ರಿ 2:10ಕ್ಕೆ, ಆಡಿಟ್ ಲಾಗ್ ಓದಿ ಒಂದು ಸಾರಾಂಶ ಮಾಡುತ್ತದೆ. ಆಗ ಆ ಲಾಗ್ 200 ಎಂಬಿ. ಇಡೀ ಫೈಲನ್ನು ಒಂದೇ ಗುಕ್ಕಿಗೆ ಮೆಮೊರಿಗೆ ತೆಗೆದುಕೊಂಡು ಸಾಲುಗಳ ಪಟ್ಟಿ ಮಾಡಿದ್ದೆ. ಒಂದೊಂದೇ ಸಾಲು ಓದಿಸಿದ್ದರೆ ಕೆಲವೇ ಎಂಬಿಯಲ್ಲಿ ಮುಗಿಯುತ್ತಿತ್ತು. ಬರೆಯುವುದಕ್ಕೂ ಏನೂ ಕಷ್ಟವಿರಲಿಲ್ಲ, ಆ ದಿನ ಆ ಸಾಲು ಕೈಗೆ ಬಂತು, ಬರೆದೆ. ಗುರುವಾರದ ರಿಲೀಸಿನಲ್ಲಿ, ಕ್ಲೈಂಟಿನವರೇ ಕೇಳಿದ್ದರಿಂದ, ಪ್ರತಿ ವಿನಂತಿಯನ್ನೂ ಆಡಿಟ್ ಲಾಗಿಗೆ ಬರೆಯತೊಡಗಿದರು. ಲಾಗ್ 5 ಜಿಬಿ ಆಯಿತು. ಸಾಲಿಗೆ ನೂರು ಬೈಟಿನಂತೆ ಐದು ಕೋಟಿ ಸಾಲು. ಪೈಥಾನ್ ಪ್ರತಿ ಸಾಲನ್ನೂ ಒಂದು ವಸ್ತುವಾಗಿ ಇಡುವಾಗ ಅದರ ಮೇಲೆ ಸುಮಾರು 49 ಬೈಟ್ ತಲೆಭಾರ, ಪಟ್ಟಿಯಲ್ಲಿ ಅದರ ವಿಳಾಸಕ್ಕೆ ಇನ್ನೂ 8. ನೂರು ಬೈಟಿನ ಸಾಲು 157 ಆಗುತ್ತದೆ. ಐದು ಕೋಟಿಗೆ ಏಳೂವರೆ ಜಿಬಿ ಮೇಲೆಯೇ. ಸ್ಕ್ರೀನ್‌ಶಾಟಿನ ಅಂಕಿಗೂ ಲೆಕ್ಕಕ್ಕೂ ಸರಿಹೊಂದಿತು.

ಅಂದರೆ ಅವನ ರಿಲೀಸಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಗುರುವಾರ ಮತ್ತು ಶನಿವಾರದ ಹೊಂದಾಣಿಕೆ ಸುಳ್ಳಾಗಿರಲಿಲ್ಲ. ಆದರೆ ಸೋರುತ್ತಿದ್ದದ್ದು ಅವನ ಕೊಡ ಅಲ್ಲ.

ಮಿಯಾಪುರಕ್ಕೆ ವಾಪಸ್ ಬರುವಾಗ ಮೆಟ್ರೋದಲ್ಲಿ ಆ ಚಿತ್ರವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. "ನೋಡ್ತೀನಿ" ಎಂದಷ್ಟೇ ಉತ್ತರಿಸಿದೆ. ಸಂಜೆಯವರೆಗೂ ಒಂದೇ ಯೋಚನೆ. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬದಲಿಸಿದರೆ ಮುಂದಿನ ಶನಿವಾರ ಏನೂ ಆಗುವುದಿಲ್ಲ. ಘಟನೆ ಮರುಕಳಿಸಿಲ್ಲ, ನಿಗಾ ಇಟ್ಟಿದ್ದೇವೆ ಎಂದು ಟಿಕೆಟ್ ಮುಚ್ಚಬಹುದು. ಯಾರೂ ಕೇಳುವುದಿಲ್ಲ. ಮನೆ ಸಾಲದ ಕಂತು, ಅಪ್ರೈಸಲ್ ತಿಂಗಳು, ಎಲ್ಲ ಲೆಕ್ಕ ಹಾಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಷ್ಟು ಹೊತ್ತು ಲೆಕ್ಕ ಹಾಕಿದ್ದು ನಿಜ.

ರಾತ್ರಿ ಊಟವಾದ ಮೇಲೆ ಹೆಂಡತಿಗೆ ಹೇಳಿದೆ. ಅವಳು ಐಟಿಯವಳಲ್ಲ. "ಆ ಹುಡುಗನಿಗೆ ನಿಮ್ಮ ಸ್ಕ್ರಿಪ್ಟು ಅಂತ ಗೊತ್ತಾ?" ಎಂದು ಕೇಳಿದಳು. ಗೊತ್ತಿರಲೇಬೇಕು, ಫೈಲಿನ ತಲೆಯಲ್ಲೇ ನನ್ನ ಹೆಸರಿದೆ ಎಂದೆ. ಅವಳು ಮತ್ತೇನೂ ಹೇಳದೆ ಪಾತ್ರೆ ಎತ್ತಿಕೊಂಡು ಹೋದಳು.

ಸೋಮವಾರ ಒಂಬತ್ತಕ್ಕೆ, ಕಾಲ್‌ಗೆ ಮುಂಚೆ, ಹಳೇ ಎರಡೂ ಮೇಲ್‌ಗಳಿಗೆ ಅದೇ ಜನರಿಗೆಲ್ಲ ಉತ್ತರ ಬರೆದೆ. ಜಾವಾದಲ್ಲಿ ಸೋರಿಕೆ ಇಲ್ಲ. ಕಾರಣ ಮಾನಿಟರಿಂಗ್ ತಂಡದ ಸ್ಕ್ರಿಪ್ಟ್, ಬರೆದವನು ನಾನು. ಕರ್ನಲ್ ಲಾಗಿನ ಅಂಕಿಯನ್ನು ನಾನು ತಪ್ಪಾಗಿ ಓದಿದ್ದೆ. ಕಂಡುಹಿಡಿದವನು ಇಂಥವನು. ಮ್ಯಾನೇಜರ್ ಕಾಲ್‌ನಲ್ಲಿ "ಹಾಗಾದರೆ ಇದು ಲಾಗ್ ಬೆಳೆದ ಸಮಸ್ಯೆ ಅನ್ನಿ" ಎಂದರು. ಯಾರಿಗೂ ನೋವಾಗದ ವಾಕ್ಯ ಹುಡುಕುವುದರಲ್ಲಿ ಅವರು ನಿಪುಣರು. ಹುಡುಗನ ಬಿಡುಗಡೆಯ ವಿಷಯ ಕೇಳಿದೆ. ಏಜೆನ್ಸಿಗೆ ಪತ್ರ ಹೋಗಿದೆ, ಅದು ಆಗಲೇ ಪ್ರೋಸೆಸ್ ಆಗಿಬಿಟ್ಟಿದೆ ಎಂದರು.

ಅದನ್ನು ನಿಲ್ಲಿಸಲು ನನ್ನಿಂದಾದಷ್ಟು ಓಡಾಡಿದೆ, ಆಗಲಿಲ್ಲ. ಕೊನೆಯ ವಾರ ಇಬ್ಬರೂ ಗಚ್ಚಿಬೌಲಿಯಲ್ಲಿ ಇರಾನಿ ಚಹಾ ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟೆ, ಅದನ್ನು ಗ್ರೂಪಿಗೆ ಹಾಕದೆ ನನಗೊಬ್ಬನಿಗೇ ಯಾಕೆ ಕಳಿಸಿದೆ ಎಂದು. "ಗ್ರೂಪಿನಾಗ ಹಾಕಿದ್ರ ನೀವೂ ನನ್ನಂಗ ಆಗ್ತಿದ್ರಿ ಸರ್" ಎಂದ. ಬಿಸ್ಕತ್ತು ಅದ್ದಿಕೊಂಡು ತಿಂದ. ಈಗ ಬೆಂಗಳೂರಿನಲ್ಲಿ ಬೇರೆ ಕಡೆ ಸೇರಿದ್ದಾನೆ, ಸಂಬಳ ಇಲ್ಲಿಗಿಂತ ಜಾಸ್ತಿ.

ಇದಾದ ಮೇಲೆ ನಮ್ಮಲ್ಲಿ ಮಾಡಿದ ಬದಲಾವಣೆಗಳನ್ನು ಹೇಳುತ್ತೇನೆ. ಇದೇ ಕೆಲಸದಲ್ಲಿರುವ ಓದುಗರು ಬಹಳ ಜನ ಇದ್ದೀರಿ, ಯಾರಿಗಾದರೂ ಉಪಯೋಗವಾದೀತು. ಮುಖ್ಯವಾದದ್ದು, ಪ್ರೋಸೆಸ್‌ವಾರು ಇತಿಹಾಸ ಇಡುವುದು. ಘಟನೆ ಮುಗಿದ ಮೇಲೆ ಟಾಪ್ ನೋಡಿದರೆ ಕಾಣುವುದು ಕಳ್ಳ ಮನೆಗೆ ಹೋದ ಮೇಲಿನ ಬೀದಿ. ಎಟಾಪ್ ಎಂಬ ಉಪಕರಣ ಎಲ್ಲ ಪ್ರೋಸೆಸ್‌ಗಳ ಸ್ಥಿತಿಯನ್ನು ಆಗಾಗ ಬರೆದಿಡುತ್ತದೆ, ಹಿಂದಿನ ದಿನಕ್ಕೆ ಹೋಗಿ ನೋಡಬಹುದು. ಆದರೆ ಹಾಕಿದೊಡನೆ ಅದರ ಅಂತರ ಹತ್ತು ನಿಮಿಷ ಇರುತ್ತದೆ. ನನ್ನ ಸ್ಕ್ರಿಪ್ಟ್ ಬದುಕಿದ್ದದ್ದೇ ಒಂಬತ್ತು ನಿಮಿಷ. ಅದು ಎರಡು ನೋಟಗಳ ನಡುವೆ ಬಂದು ಹೋಗಬಹುದಿತ್ತು. ನಾವು ಒಂದು ನಿಮಿಷ ಮಾಡಿದೆವು. ಜ್ಯಾಬಿಕ್ಸ್ ಬಳಸುವವರಿಗೆ 2022ರ 6.2 ಆವೃತ್ತಿಯಿಂದ ಪ್ರೋಸೆಸ್‌ಗಳ ಪಟ್ಟಿಯನ್ನು ಮೆಮೊರಿ ಸಮೇತ ತರುವ ಸೌಲಭ್ಯ ಏಜೆಂಟಿನಲ್ಲೇ ಇದೆ. ಪ್ರೊಮೀಥಿಯಸ್ ಇರುವವರು ನೋಡ್ ಎಕ್ಸ್‌ಪೋರ್ಟರ್ ಒಂದೇ ಸಾಕೆಂದುಕೊಳ್ಳಬೇಡಿ, ಅದು ಪ್ರೋಸೆಸ್‌ವಾರು ಮೆಮೊರಿ ಕೊಡುವುದಿಲ್ಲ. ಅದಕ್ಕೆ ಬೇರೆ ಎಕ್ಸ್‌ಪೋರ್ಟರ್ ಬೇಕು.

ಇನ್ನೊಂದು ಬಲೆ ಡೇಟಾಬೇಸ್ ಸರ್ವರುಗಳದ್ದು. ಪೋಸ್ಟ್‌ಗ್ರೆಸ್‌ನ ನಲವತ್ತು ಕನೆಕ್ಷನ್, ಒಂದೊಂದೂ 2 ಜಿಬಿ ಎಂದು ತೋರಿಸುತ್ತಿರುತ್ತದೆ. ಕೂಡಿದರೆ 80, ಇರುವುದೇ 32. ಹೇಗೆ? ಕೊಂಡಾಪುರದಲ್ಲಿ ಐದು ಜನ ಹುಡುಗರು ಸೇರಿ 30 ಸಾವಿರದ ಮನೆ ಮಾಡಿರುತ್ತಾರೆ. ಐವರೂ ಊರಿಗೆ ಫೋನ್ ಮಾಡಿ "ನಮ್ಮ ಮನೆ ಬಾಡಿಗೆ 30 ಸಾವಿರ" ಎನ್ನುತ್ತಾರೆ. ಯಾರದೂ ಸುಳ್ಳಲ್ಲ, ಆದರೆ ಮನೆ ಮಾಲೀಕನಿಗೆ ಒಂದೂವರೆ ಲಕ್ಷ ಬರುವುದಿಲ್ಲ. ಹಂಚಿಕೊಂಡ ಮೆಮೊರಿಯನ್ನು ಎಲ್ಲರ ಲೆಕ್ಕದಲ್ಲೂ ಪೂರ್ತಿ ಎಣಿಸುವುದು ಆರ್‌ಎಸ್‌ಎಸ್. ತಲೆಗೆ ಆರು ಸಾವಿರ ಎಂದು ಪಾಲು ಮಾಡಿ ಹೇಳುವುದು ಪಿಎಸ್‌ಎಸ್. ಪ್ರೋಕ್ ಡೈರೆಕ್ಟರಿಯಲ್ಲಿ ಪ್ರತಿ ಪ್ರೋಸೆಸ್ಸಿನ ಕೆಳಗೆ ಈ ಪಾಲಿನ ಲೆಕ್ಕ ಸಿಗುತ್ತದೆ, 2017ರ ಲಿನಕ್ಸ್ 4.14ರಿಂದ ಒಂದೇ ಕಡೆ ಒಟ್ಟು ಮಾಡಿಟ್ಟಿರುತ್ತಾರೆ. ಕೆಲವೊಮ್ಮೆ ಎಲ್ಲರ ಪಾಲು ಕೂಡಿದರೂ ಒಟ್ಟಿಗೆ ತಾಳೆಯಾಗದು. ಆಗ ಯಾರೋ ಮೆಮೊರಿಯನ್ನೇ ಡಿಸ್ಕ್ ಮಾಡಿಕೊಂಡು ಫೈಲು ತುಂಬಿದ್ದಾರೋ, ಕರ್ನಲ್ಲೇ ತನಗಾಗಿ ಇಟ್ಟುಕೊಂಡಿದೆಯೋ ನೋಡಬೇಕು.

ಮತ್ತೆ ಬೇಲಿ. ಹುಡುಗ ಜಾವಾಗೆ ಹಾಕಿದ ಹಾಗೆ ಯಾವ ಪ್ರೋಸೆಸ್‌ಗಾದರೂ ಕರ್ನಲ್ ಮಟ್ಟದಲ್ಲೇ ಬೇಲಿ ಹಾಕಬಹುದು. ಸಿ-ಗ್ರೂಪ್‌ಗಳ ಮೆಮೊರಿ ನಿಯಂತ್ರಣ 2008ರಲ್ಲಿ ಲಿನಕ್ಸ್ 2.6.25ಕ್ಕೆ ಸೇರಿತು. ಆ ಕೋಡಿನ ಫೈಲಿನ ತಲೆಯಲ್ಲಿ ಐಬಿಎಂನ ಬಲಬೀರ್ ಸಿಂಗ್ ಮತ್ತು ಪಾವೆಲ್ ಎಮೆಲ್ಯಾನೊವ್ ಅವರ ಹೆಸರುಗಳಿವೆ. ಇಂದು ಕುಬರ್ನೆಟಿಸ್‌ನಲ್ಲಿ ಮೆಮೊರಿ ಮಿತಿ ಎಂದು ಬರೆಯುವಾಗ ನಾವು ನೆಚ್ಚಿಕೊಳ್ಳುವುದು ಸಿ-ಗ್ರೂಪ್‌ಗಳನ್ನೇ. ನನ್ನ ಸ್ಕ್ರಿಪ್ಟನ್ನು ಈಗ ಸಿಸ್ಟಂ-ಡಿ ಮೂಲಕ 1 ಜಿಬಿಯ ಬೇಲಿಯೊಳಗೆ ಓಡಿಸುತ್ತಿದ್ದೇನೆ. ಸಾಲು ಸಾಲಾಗಿ ಓದುವ ಹಾಗೆ ತಿದ್ದಿದ ಮೇಲೆ ಅದಕ್ಕೆ ಅಷ್ಟು ಬೇಕೂ ಇಲ್ಲ, ಆದರೂ ಇರಲಿ. ಇನ್ನೊಮ್ಮೆ ಉಬ್ಬಿದರೆ ಬೇಲಿಯೊಳಗೇ ಸಾಯುತ್ತದೆ, ಪಕ್ಕದವರನ್ನು ಎಳೆದುಕೊಂಡು ಹೋಗುವುದಿಲ್ಲ.

ಹುಡುಗನ ನಾಲ್ಕು ಸಾಲಿನ ಸ್ಕ್ರಿಪ್ಟ್ ಇನ್ನೂ ಆ ಸರ್ವರಿನಲ್ಲಿ ಓಡುತ್ತಿದೆ. ಅವನ ಲಾಗಿನ್ ತೆಗೆದುಹಾಕಿದ್ದಾರೆ, ಆದರೆ ಒಮ್ಮೆ ಶುರುವಾದ ಪ್ರೋಸೆಸ್ ಅದರಿಂದ ನಿಲ್ಲುವುದಿಲ್ಲ. ಪಿಎಸ್ ಕೊಟ್ಟರೆ ಬಳಕೆದಾರನ ಹೆಸರಿರಬೇಕಾದ ಜಾಗದಲ್ಲಿ ಈಗ ಬರೀ ಒಂದು ಸಂಖ್ಯೆ ಕಾಣುತ್ತದೆ. ಮುಂದಿನ ಪ್ಯಾಚಿಂಗಿಗೆ ರೀಬೂಟ್ ಮಾಡಿದಾಗ ಅದೂ ಹೋಗುತ್ತದೆ. ಅಷ್ಟರೊಳಗೆ ಅದನ್ನು ಸರಿಯಾದ ಸರ್ವಿಸ್ ಆಗಿ ಬರೆದಿಡಬೇಕು, ಫೈಲಿನ ತಲೆಯಲ್ಲಿ ಅವನ ಹೆಸರು ಹಾಕಿ.